ಸಾಂಬಯ್ಯನ ಮಡಿ ತಿಪ್ಪೆ

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ದೇವರಿಗಿಂತ ಹೆಚ್ಚು ಮಡಿ ಮಾಡುತ್ತಿದ್ದವನು ಸಾಂಬಯ್ಯ. ದೇವರಾದರೂ ದಿನಕ್ಕೆ ಒಂದು ಸಲ ಮೈ ತೊಳೆಸಿಕೊಂಡು ಸುಮ್ಮನಿರುತ್ತಿದ್ದ. ಸಾಂಬಯ್ಯನಿಗೆ ಮೂರು ಸಲ ಬೇಕಿತ್ತು.

ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಬಂದದ್ದು ಒಂದೇ ಒಂದು ಮಾತಿಗಾಗಿ.

ಆ ಮಾತು ನಿರುಪಾದಿ ಅಜ್ಜನ ಹತ್ತಿರ ಇತ್ತು. ಅಜ್ಜನಿಗೆ ಅವರ ಗುರುಗಳು ಕಿವಿಯಲ್ಲಿ ಹೇಳಿದ್ದರು, ಆ ಗುರುಗಳಿಗೆ ಅವರ ಗುರುಗಳು. ಬರೆದಿಡುವಂತಿಲ್ಲ, ಇಬ್ಬರಿಗೆ ಹೇಳುವಂತಿಲ್ಲ. ಅದು ಸಿಕ್ಕವನ ಒಳಗಿನ ಉರಿ ಆರುತ್ತದೆ ಎಂದು ಸುತ್ತಲಿನ ಹಳ್ಳಿಯವರು ನಂಬಿದ್ದರು.

ಸಾಂಬಯ್ಯನೊಳಗೆ ಉರಿ ಇತ್ತು. ತಾಯಿ ಸಾಯುವ ಹೊತ್ತಿಗೆ ಅವನು ಪೂಜೆಗೆ ಕೂತಿದ್ದ. ಹಾಸಿಗೆಯಿಂದ ಅವಳು ನೀರು ಕೇಳಿದಳು. ಒಂದು ಸಲವಲ್ಲ, ಮೂರು ಸಲ. ಮುಟ್ಟಿದರೆ ಮಡಿ ಕೆಡುತ್ತದೆ, ಇನ್ನೇನು ಮಂಗಳಾರತಿ ಆಗಿಬಿಡಲಿ ಅಂದುಕೊಂಡ. ಎದ್ದು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಅದಾದ ಮೇಲೆ ಮಡಿ ಬಿಟ್ಟನೇ? ಎಲ್ಲಿಯ ಮಾತು! ಇನ್ನೂ ಹೆಚ್ಚು ತೊಳೆಯತೊಡಗಿದ.

ಯುಗಾದಿ ಮುಗಿದ ಒಂದು ಮಧ್ಯಾಹ್ನ, ಭಕ್ತರ ಊಟವಾದ ಮೇಲೆ, ಅಜ್ಜ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಮಂಜುಮಂಜು. ಕೈಯಲ್ಲಿ ವಿಭೂತಿ ಡಬ್ಬಿ. ಅದೊಂದು ಅವರ ಚಾಳಿ: ಮುಚ್ಚಳ ತೆಗೆಯುವುದು, ಒಳಗೆ ಬೆರಳಾಡಿಸುವುದು, ಹಣೆಗೆ ಹಚ್ಚಿಕೊಳ್ಳದೇ ಮತ್ತೆ ಮುಚ್ಚುವುದು.

ಸಾಂಬಯ್ಯ ಕಾಲಬುಡದಲ್ಲಿ ಕೂತ.

"ಅಜ್ಜಾರ, ಒಂಬತ್ತು ವರ್ಷ ಆತು. ನನಗ ಆ ಮಾತು ಯಾವಾಗ ಹೇಳ್ತೀರಿ?"

"ಹಿತ್ತಲಾಗ ಒಂದು ತಿಪ್ಪಿ ಹಾಕು."

"ತಿಪ್ಪಿ?"

"ಹೂಂ, ತಿಪ್ಪಿನ. ಮಠದಾಗ ಬಿದ್ದದ್ದೆಲ್ಲಾ ಅದರಾಗ ಹೋಗಲಿ. ಹಸೀದು ಒಂದು ಪದರ, ಒಣಗಿದ್ದು ಎರಡು ಪದರ. ನಡುನಡುವ ಒಂದು ಹಿಡಿ ಸಗಣಿ, ಒಂದು ಹಿಡಿ ಮಣ್ಣು. ಹಿಂಡಿದ್ರ ನೀರು ಸೋರಬಾರದು, ಕೈ ಬಿಟ್ರ ಪುಡಿ ಹಾರಬಾರದು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕು, ಒಳಗ ಗಾಳಿ ಆಡಲಿ."

"ಆಮ್ಯಾಲ?"

"ಅದು ಮಣ್ಣಾದ ದಿನ ಒಂದು ಹಿಡಿ ತಂದು ನನ್ನ ಕೈಯಾಗ ಹಾಕು. ಅವತ್ತ ಹೇಳ್ತೀನಿ."

ಸಾಂಬಯ್ಯನಿಗೆ ಕುಣಿಯುವಷ್ಟು ಖುಷಿಯಾಯಿತು. ಒಂಬತ್ತು ವರ್ಷದ ಜಪ, ಉಪವಾಸ, ಹೊಳೆಯ ತಣ್ಣೀರು, ಇವೆಲ್ಲದಕ್ಕಿಂತ ಇದು ಸುಲಭ ಅನ್ನಿಸಿತು. ಒಂದು ಗುಡ್ಡೆ ಕಸ, ನಾಲ್ಕು ತಿಂಗಳು.

ಆದರೆ ಗುರುಗಳ ಕೈಗೆ ಹೋಗುವ ಮಣ್ಣು. ಅದು ಹೇಗೆಂದರೆ ಹಾಗೆ ಆಗಬಾರದಲ್ಲ!

ಹಾಗಾಗಿ ಮೊದಲು ಹಿತ್ತಲ ಮೂಲೆಯಲ್ಲಿ ಕಲ್ಲುಚಪ್ಪಡಿ ಹಾಸಿದ. ನೆಲದ ಹೊಲಸು ತಾಗದಿರಲಿ ಅಂತ. ಅಡುಗೆಮನೆಯ ಸಿಪ್ಪೆಗಳನ್ನು ಬುಟ್ಟಿಗೆ ತುಂಬಿ ಹೊಳೆಗೆ ಒಯ್ದು ತೊಳೆದು ತಂದ. ಆಮೇಲೆ ಪೂಜೆಯ ಹೂವು, ಬಿಲ್ವಪತ್ರೆ, ನಡುವೆ ಒಂದು ಹಿಡಿ ಸಗಣಿ. ಮೇಲೆ ದಿನವೂ ಒಂದು ತಂಬಿಗೆ ಅಭಿಷೇಕದ ನೀರು.

ಎಂಜಲೆಲೆಗಳನ್ನು ಮಾತ್ರ ಹತ್ತಿರ ಸೇರಿಸಲಿಲ್ಲ. ಊರವರೆಲ್ಲ ಉಂಡೆದ್ದ ಎಲೆಗಳು, ಯಾರು ಯಾರು ಬಾಯಿಟ್ಟವೋ! ಕೋಲಿನ ತುದಿಯಿಂದ ಎತ್ತಿ ಹಿತ್ತಲ ಗೋಡೆಯಾಚೆ ಎಸೆದ.

ಗೋಡೆಯಾಚೆ ಅಂಬಿಗರ ದುರುಗವ್ವನ ಮನೆ. ದುರುಗವ್ವ ಮಠದ ಪಾತ್ರೆ ತಿಕ್ಕುವವಳು. ಅವಳ ಹಿತ್ತಲಿನಲ್ಲೂ ಒಂದು ತಿಪ್ಪೆ ಇತ್ತು. ಅದರಲ್ಲಿ ಏನುಂಟು ಏನಿಲ್ಲ! ಒಲೆಯ ಬೂದಿ, ಆಡಿನ ಹಿಕ್ಕೆ, ಬಾಚಿದ ಕೂದಲು, ಹರಿದ ಚಾಪೆ, ಮೀನು ತೊಳೆದ ನೀರು. ಸಾಂಬಯ್ಯ ಆ ಕಡೆ ನೋಡಿದರೂ ಬಂದು ಕಾಲು ತೊಳೆಯುತ್ತಿದ್ದ.

ಮೊದಲ ತಿಂಗಳು ಕಳೆಯಿತು. ಗುಡ್ಡೆ ತಿರುವಿ ಹಾಕಲು ಕೆದಕಿದರೆ ಹುಳ! ಕೆಂಪು ಹುಳ, ಬಿಳಿ ಹುಳ, ಮಿಲಮಿಲ ಅನ್ನುತ್ತಿವೆ. ಸಗಣಿಯೊಂದಿಗೆ ಬಂದವೋ ಏನೋ.

"ಥೂ, ಹುಳ ಬಿತ್ತಲ್ಲಪ್ಪಾ!" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.

ಕೊಲ್ಲುವಂತಿಲ್ಲ, ಜೀವಹಿಂಸೆ. ಇಟ್ಟುಕೊಳ್ಳುವಂತಿಲ್ಲ, ಗುರುಗಳ ಮಣ್ಣು. ಮುತ್ತುಗದ ಎಲೆಯ ಮೇಲೆ ಒಂದೊಂದೇ ಹುಳವನ್ನು ಕಡ್ಡಿಯಿಂದ ಹತ್ತಿಸಿ, ಮೆಲ್ಲಗೆ ಒಯ್ದು, ಗೋಡೆಯಾಚೆ ದುರುಗವ್ವನ ತಿಪ್ಪೆಯ ಮೇಲೆ ಇಳಿಸಿದ. ಒಂದಕ್ಕೂ ನೋವಾಗದಂತೆ.

ಅಂದಿನಿಂದ ಅದೇ ಅವನ ಬೆಳಗಿನ ವ್ರತವಾಯಿತು. ಸ್ನಾನ, ಜಪ, ಹುಳ ಆರಿಸುವುದು, ಮತ್ತೆ ಸ್ನಾನ.

ಒಂದು ದಿನ ದುರುಗವ್ವ ಗೋಡೆಯ ಮೇಲಿಂದ ಇಣುಕಿದಳು.

"ಏನ್ರೀ ಅಯ್ಯಾರ, ದಿನಾ ಎಲಿ ಹಿಡಕೊಂಡು ನೈವೇದ್ಯ ತರ್ತೀರಲ್ಲ ನಮ್ಮ ತಿಪ್ಪಿಗೆ?"

"ಹುಳ. ಕೊಲ್ಲಬಾರದು ಅಂತ."

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ತರ್ರಿ, ತರ್ರಿ. ಪುಣ್ಯದ ಕೆಲಸ." ಸಾಂಬಯ್ಯನಿಗೆ ಸಿಟ್ಟು ಬಂತು. ಪಾತ್ರೆ ತಿಕ್ಕುವವಳಿಗೆ ಏನು ತಿಳಿಯಬೇಕು ಅಂದುಕೊಂಡು ಬೆನ್ನು ತಿರುಗಿಸಿದ.

ಶ್ರಾವಣದಲ್ಲಿ ಅವನು ಮೊದಲ ಹಿಡಿ ಒಯ್ದ. ಎರಡೂ ಅಂಗೈ ಜೋಡಿಸಿ, ಮೇಲೆ ಬಿಲ್ವಪತ್ರೆ ಮುಚ್ಚಿ.

ಅಜ್ಜ ಮೂಸಿ ನೋಡಿದರು. ಲೊಳಲೊಳ ಅನ್ನುವ ಹೂವು, ಕೊಳೆತ ವಾಸನೆ.

"ಇದು ಇನ್ನೂ ಪೂಜಿನ ಮಾಡಾಕ ಹತ್ತೇತಿ," ಅಂದರು. "ಒಯ್ಯಿ."

ನೀರು ಹೆಚ್ಚಾಯಿತು ಅಂದುಕೊಂಡ ಸಾಂಬಯ್ಯ ಅಭಿಷೇಕದ ನೀರು ನಿಲ್ಲಿಸಿದ. ಗುಡ್ಡೆಯನ್ನು ಬಿಸಿಲಿಗೆ ಹರವಿದ. ಒಣ ಎಲೆ ಹಾಕು ಅಂದದ್ದು ನೆನಪಾಗಿ ಒಂದಿಷ್ಟು ಹಾಕಿದ, ಅವನ್ನೂ ತೊಳೆದೇ. ಹುಳ ಆರಿಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ದಸರೆ ಕಳೆದ ಮೇಲೆ ಎರಡನೇ ಹಿಡಿ ಒಯ್ದ. ಅಜ್ಜ ಬೆರಳಲ್ಲಿ ತಿಕ್ಕಿದರು. ತಿಕ್ಕಿದರೆ ದಳ ದಳವಾಗಿಯೇ ಉದುರಿತು. ಚೆಂಡು ಹೂವು ಚೆಂಡು ಹೂವಾಗಿಯೇ ಇತ್ತು, ಒಣಗಿದ್ದಷ್ಟೇ.

"ಸಾಂಬಯ್ಯ, ಯಾರನ್ನ ಹೊರಗ ಹಾಕೀದಿ?"

"ಯಾರನ್ನೂ ಇಲ್ಲರೀ ಅಜ್ಜಾರ. ತಿಪ್ಪಿ ಹತ್ರ ಒಂದು ನಾಯಿನೂ ಬಿಟ್ಟಿಲ್ಲ."

"ಯಾರನ್ನೂ ಇಲ್ಲೇನು?"

"ನಿಮ್ಮ ಪಾದದಾಣಿ ಇಲ್ಲ."

ಅಜ್ಜ ಡಬ್ಬಿಯ ಮುಚ್ಚಳ ತೆಗೆದರು, ಬೆರಳಾಡಿಸಿದರು, ಮುಚ್ಚಿದರು.

ಸಾಂಬಯ್ಯ ಹಿತ್ತಲಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಆ ಪ್ರಶ್ನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಯಾರನ್ನ ಹೊರಗೆ ಹಾಕಿದೆ? ತಾಯಿ ನೆನಪಾದಳು. ನೆನಪಾದ ತಕ್ಷಣ ಎದ್ದು ಹೊಳೆಗೆ ಹೋಗಿ ಮುಳುಗು ಹಾಕಿ ಬಂದ. ಹುಳ ನೆನಪಾಗಲಿಲ್ಲ. ಹುಳ ಯಾರೂ ಅಲ್ಲವಲ್ಲ.

ಕಾರ್ತಿಕದ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದರು. ಕಾಲು ಬಾತವು, ಉಸಿರು ಮೇಲೆ ಮೇಲೆ ಬರತೊಡಗಿತು. ಊರ ವೈದ್ಯರು ನಾಡಿ ಹಿಡಿದು ನೋಡಿ, ಹೊರಗೆ ಬಂದು, ಸಾಂಬಯ್ಯನ ಹೆಗಲ ಮೇಲೆ ಕೈಯಿಟ್ಟರು.

"ಬಹಳ ಅಂದ್ರ ಎಂಟು ದಿನ. ಕೇಳೂದಿದ್ರ ಕೇಳ್ಕೋರಿ."

ಎಂಟು ದಿನ! ಗುಡ್ಡೆ ಹಾಗೇ ಬಿದ್ದಿದೆ, ಒಣಹೂವಿನ ರಾಶಿ. ಎಂಟು ದಿನದಲ್ಲಿ ಯಾವ ಕಸ ಮಣ್ಣಾಗುತ್ತದೆ? ಅಜ್ಜ ಹೋದರೆ ಮಾತು ಹೋಯಿತು. ಸಾಯುವ ತನಕ ಈ ಉರಿ ಹೊತ್ತು ತಿರುಗಬೇಕು.

ಮರುದಿನ ಮಧ್ಯಾಹ್ನ ದುರುಗವ್ವ ಮಠದ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಸಾಂಬಯ್ಯ ಗೋಡೆ ಹತ್ತಿದ.

ಒಂದು ಮಾತು ಕೇಳಿದರೆ ಕೊಡುವವಳು, ಅದು ಅವನಿಗೂ ಗೊತ್ತಿತ್ತು. ಆದರೆ ಕೇಳುವುದು ಹೇಗೆ? ಅವಳ ತಿಪ್ಪೆಯಲ್ಲಿ ಕೈಯಿಡುತ್ತೇನೆ ಅಂತ ಅವಳ ಎದುರು ಬಾಯಿಬಿಟ್ಟು ಹೇಳುವುದು ಹೇಗೆ? ಕಳುವು ಮಾಡುವುದು ಅದಕ್ಕಿಂತ ಸಲೀಸು ಅನ್ನಿಸಿತು ಅವನಿಗೆ. ನೋಡಿ, ಮನುಷ್ಯ ಎಲ್ಲಿಗೆ ಬಂದು ನಿಲ್ಲುತ್ತಾನೆ!

ತಿಪ್ಪೆಯ ಬುಡದಲ್ಲಿ ಕೈ ತೂರಿಸಿದ. ಬೆಚ್ಚಗಿತ್ತು. ಹೊರಗೆ ತೆಗೆದರೆ ಕಪ್ಪು ಮಣ್ಣು, ಹುಡಿ ಹುಡಿ, ಮೊದಲ ಮಳೆ ಬಿದ್ದ ಹೊಲದ ವಾಸನೆ. ಎಂಜಲಿಲ್ಲ, ಬೂದಿಯಿಲ್ಲ, ಕೂದಲಿಲ್ಲ, ಎಲ್ಲಾ ಒಂದೇ ಆಗಿಬಿಟ್ಟಿತ್ತು. ಅವನು ಅದನ್ನು ಮುಖದ ಹತ್ತಿರ ಹಿಡಿದು ಅತ್ತ. ಅಸೂಯೆಯಿಂದ ಅತ್ತನೋ, ಆಸೆಯಿಂದ ಅತ್ತನೋ, ಅವನಿಗೇ ತಿಳಿಯಲಿಲ್ಲ.

ಆಮೇಲೆ ಮಡಿಬಟ್ಟೆಯ ಮೇಲೆ ಹರವಿ, ಹುಳವಿದ್ದರೆ ಆರಿಸಿ, ಹುಳಗಳನ್ನು ಅಲ್ಲೇ ಬಿಟ್ಟು, ಒಂದು ಹಿಡಿ ಮಣ್ಣು ಗಂಟು ಕಟ್ಟಿಕೊಂಡು ಬಂದ.

ಅಜ್ಜ ಕಣ್ಣು ಮುಚ್ಚಿ ಮಲಗಿದ್ದರು. ಸಾಂಬಯ್ಯ ಅವರ ಅಂಗೈಯನ್ನು ಬಿಡಿಸಿ ಮಣ್ಣು ಹಾಕಿದ.

ಅಜ್ಜ ಮೂಗಿನ ಹತ್ತಿರ ಒಯ್ದರು. ಬಹಳ ಹೊತ್ತು ಹಾಗೇ ಹಿಡಿದರು. ಆಮೇಲೆ ಹೆಬ್ಬೆರಳಿನಿಂದ ಮಣ್ಣನ್ನು ಮೆಲ್ಲಗೆ ತಿಕ್ಕುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

"ಸಾಂಬಯ್ಯ, ಇದು ನಿಂದೇನು?"

"ಹೌದ್ರೀ ಅಜ್ಜಾರ."

"ಇನ್ನೊಮ್ಮೆ ಹೇಳು."

ಅಜ್ಜನ ಎದೆ ಗೊರಗೊರ ಅನ್ನುತ್ತಿತ್ತು. ಎಂಟು ದಿನವೂ ಇಲ್ಲವೇನೋ ಅನ್ನಿಸಿತು.

"ನಂದ."

ಅಜ್ಜ ಕೈ ಒರೆಸಿಕೊಂಡರು. ದಿಂಬಿನ ಪಕ್ಕದ ವಿಭೂತಿ ಡಬ್ಬಿಯನ್ನು ತಡವಿ, ಮುಚ್ಚಳ ತೆಗೆದು, ಬೆರಳಾಡಿಸಿ, ಮುಚ್ಚಿದರು. "ಕಿವಿ ತಾ," ಅಂದರು.

ಸಾಂಬಯ್ಯ ಬಾಗಿದ. ಅಜ್ಜ ಮಾತು ಹೇಳಿದರು.

ಸಣ್ಣ ಮಾತು. ಒಂದು ಉಸಿರಿನಲ್ಲಿ ಮುಗಿದುಹೋಯಿತು. ಸಾಂಬಯ್ಯ ಅವರ ಕಾಲ ಮೇಲೆ ಹಣೆಯಿಟ್ಟು, ಹೊರಗೆ ಬಂದು, ಹೊಳೆಯ ಕಲ್ಲಿನ ಮೇಲೆ ಕೂತು ಹೇಳಿಕೊಂಡ. ಸಂಜೆಯ ತನಕ ಹೇಳಿಕೊಂಡ. ಮರುದಿನ ಬೆಳಗಿನಿಂದ ಮತ್ತೆ ಹೇಳಿಕೊಂಡ.

ಏನೂ ಆಗಲಿಲ್ಲ. ಮಾತು ನಾಲಿಗೆಯ ಮೇಲೆ ಸುಮ್ಮನೆ ಹೊರಳಿತು. ಕಣ್ಣು ಮುಚ್ಚಿದರೆ ತಾಯಿ ನೀರು ಕೇಳುತ್ತಿದ್ದಳು, ಮೊದಲಿನ ಹಾಗೆಯೇ. ಈಗ ಅವಳ ಪಕ್ಕದಲ್ಲಿ ಇನ್ನೊಂದು ದನಿಯೂ ಸೇರಿತ್ತು: ಇದು ನಿಂದೇನು?

ಮೂರನೇ ದಿನ ಅವನು ಹಿತ್ತಲಿಗೆ ಹೋದಾಗ ದುರುಗವ್ವ ಗೋಡೆಯಾಚೆ ನಿಂತಿದ್ದಳು. ಸಾಂಬಯ್ಯ ತಿರುಗಿ ಹೋಗಲು ನೋಡಿದ.

"ನಿಲ್ರಿ ಅಯ್ಯಾರ. ನಮ್ಮ ತಿಪ್ಪಿ ಬುಡದಾಗ ಯಾರೋ ಕೈ ಹಾಕ್ಯಾರ. ಮಣ್ಣಿನ ಮ್ಯಾಲ ಮಡಿಬಟ್ಟಿ ಅಚ್ಚು ಮೂಡೇತಿ."

ಅವನು ನೆಲ ನೋಡಿದ.

"ಕೇಳಿದ್ರ ಒಂದು ಬುಟ್ಟಿ ಕೊಡ್ತಿದ್ದೆ," ಅಂದಳು ದುರುಗವ್ವ. ಅವಳ ದನಿಯಲ್ಲಿ ಈಗ ನಗೆ ಇರಲಿಲ್ಲ. "ಹದಿನೆಂಟು ವರ್ಷ ನಿಮ್ಮ ಮಠದ ಎಂಜಲಾ ತಿಕ್ಕೀನಿ. ಒಂದು ಮಾತು ಕೇಳಾಕ ನಾಲಿಗಿ ಹೊರಳಲಿಲ್ಲೇನ್ರಿ ನಿಮಗ?"

"ತಪ್ಪಾತವ್ವ."

"ತಪ್ಪು ಎಲ್ಲಿ ಬಂತು. ಅದು ನಂದರ ಎಲ್ಲೇತಿ? ಎಂಜಲೆಲಿ ನಿಮ್ಮ ಮಠದ್ದು. ಹುಳಾ ನೀವ ಹೊತ್ತು ತಂದು ಬಿಟ್ಟದ್ದು. ಇಷ್ಟು ಚಲೋ ಮಣ್ಣು ಯಾವ ವರ್ಷನೂ ಆಗಿರಲಿಲ್ಲ. ನಮ್ಮದು ಅಂತ ಅದರಾಗ ಏನಿದ್ದೀತು? ಒಂದಿಷ್ಟು ಬೂದಿ, ನಾಕು ಮೀನಿನ ಮುಳ್ಳು."

ಅವಳು ಒಳಗೆ ಹೋದಳು.

ಸಾಂಬಯ್ಯ ನಿಂತಲ್ಲೇ ನಿಂತ. ಹಿಂದೆ ಕಲ್ಲುಚಪ್ಪಡಿಯ ಮೇಲೆ ಅವನ ಗುಡ್ಡೆ, ತೊಳೆದ ಹೂವು, ತೊಳೆದ ಎಲೆ, ಒಂದು ಹುಳವೂ ಇಲ್ಲದ್ದು. ಮುಂದೆ ಗೋಡೆ. ಅವನು ಏಳು ತಿಂಗಳು ಕೈಯಾರೆ ಕಟ್ಟಿದ ತಿಪ್ಪೆ ಆ ಗೋಡೆಯ ಆಚೆ ಇತ್ತು. ನಿಜ ಹೇಳಿದ್ದರೂ ಆಗುತ್ತಿತ್ತು. ಕೇಳಿ ತಂದಿದ್ದರೂ ಆಗುತ್ತಿತ್ತು. ಹಾಗೆ ಅನ್ನಿಸಿದ್ದೇ ತಡ, ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಅದು ಹೊಳೆಯಲ್ಲಿ ತೊಳೆದರೆ ಹೋಗುವಂಥದ್ದಾಗಿರಲಿಲ್ಲ.

ಸ್ನಾನ ಮಾಡದೆಯೇ ಅವನು ಅಜ್ಜನ ಕೋಣೆಗೆ ಹೋದ.

"ಅಜ್ಜಾರ, ಆ ಮಣ್ಣು ನಂದಲ್ಲ. ಕದ್ದು ತಂದೀನಿ. ದುರುಗವ್ವನ ತಿಪ್ಪಿದು."

ಅಜ್ಜ ಕಣ್ಣು ತೆರೆಯಲಿಲ್ಲ. ದಿಂಬಿನ ಪಕ್ಕ ತಡವಿ ಡಬ್ಬಿಯನ್ನು ಅವನ ಕಡೆ ನೂಕಿದರು.

"ತಗಿ."

ಸಾಂಬಯ್ಯ ಮುಚ್ಚಳ ತೆಗೆದ. ವಿಭೂತಿಯಲ್ಲಿ ಎರಡು ಮೀನಿನ ಮುಳ್ಳುಗಳಿದ್ದವು. ಒಂದು ಬೆಳ್ಳಗಿತ್ತು. ಇನ್ನೊಂದು ಹಳದಿಗಟ್ಟಿ, ತುದಿ ಮುರಿದುಹೋಗಿತ್ತು.

"ಬಿಳೀದು ನೀ ತಂದ ಮಣ್ಣಿನಾಗ ಇತ್ತು," ಅಂದರು ಅಜ್ಜ.

"ಗೊತ್ತಿದ್ದೂ ಮಾತು ಹೇಳಿದ್ರಾ?"

"ಗೊತ್ತಿದ್ದೂ ಹೇಳಿದೆ."

"ಯಾಕರೀ? ನನ್ನ ಹೊರಗ ಹಾಕಬೇಕಿತ್ತು! ಕಪಾಳಕ್ಕ ಹೊಡೀಬೇಕಿತ್ತು!"

"ಯಾವ ಕೈಲೆ ಹೊಡೀಲಿ?"

ಸಾಂಬಯ್ಯ ಡಬ್ಬಿಯೊಳಗೆ ಮತ್ತೆ ನೋಡಿದ.

"ಈ ಹಳೇದು ಯಾರದು?"

"ನಂದು."

ಹೊರಗೆ ದುರುಗವ್ವ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಅಜ್ಜ ಉಸಿರು ಹಿಡಿದು ಹಿಡಿದು ಹೇಳಿದರು.

"ನನಗೂ ನಮ್ಮ ಗುರುಗಳು ತಿಪ್ಪಿ ಹಾಕು ಅಂದಿದ್ರು. ಅವರೂ ಹಿಂಗ ಮಲಗಿದ್ರು, ನನಗೂ ಹಿಂಗ ಅವಸರ. ಆ ಗ್ವಾಡಿ ಆಚಿಗೆ ಆವಾಗ ದುರುಗವ್ವನ ಅತ್ತಿ ಇದ್ದಳು. ಅದ ಜಾಗ. ಗುರುಗಳು ಮೂಸಿ ನೋಡಿ, ಇದು ನಿಂದೇನು ಅಂದ್ರು. ಹೌದು ಅಂದೆ. ಕಿವಿಯಾಗ ಹೇಳಿದ್ರು. ಮೂರು ದಿನಕ್ಕ ಹೋದ್ರು. ಮಣ್ಣು ಮಾಡಿ ಬಂದು, ಅವರ ವಿಭೂತಿ ಹಚ್ಚಿಕೊಳ್ಳೋಣು ಅಂತ ಈ ಡಬ್ಬಿ ತಗದೆ. ಮುಳ್ಳು ಬೆರಳಿಗೆ ಚುಚ್ಚಿತು."

"ಅವರಿಗೂ ಗೊತ್ತಿತ್ತಾ?"

"ಗೊತ್ತಿತ್ತು. ನನ್ನ ಮುಂದ ಹೇಳಲಿಲ್ಲ ಅಷ್ಟ."

ಸಾಂಬಯ್ಯ ಬಿಕ್ಕಿ ಬಿಕ್ಕಿ ಅತ್ತ. ಅಜ್ಜನ ಬಾತ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡ. ಮುಟ್ಟಿದ್ದು ಅವನ ಗಮನಕ್ಕೂ ಬರಲಿಲ್ಲ.

"ಅಜ್ಜಾರ, ನಾ ಮತ್ತ ಹಾಕ್ತೀನಿ. ಎಲ್ಲಾ ಹಾಕ್ತೀನಿ. ಎಂಜಲಾ, ಹುಳಾ, ಏನೂ ಬಿಡೂದಿಲ್ಲ. ಹದವಾದ ಮಣ್ಣು ತರ್ತೀನಿ. ಆವಾಗ ನನಗ ಖರೇ ಮಾತು ಹೇಳ್ರಿ."

"ನನ್ನ ಹತ್ರ ಇದ್ದದ್ದು ಅದೊಂದ ಮಾತು. ಅದನ್ನ ಹೇಳೀನಿ."

"ಹಂಗಾದ್ರ ಅದ ಖರೇದಲ್ಲೇನ್ರಿ? ನಿಮಗ ಉರಿ ಆರಿತಲ್ಲ?"

ಅಜ್ಜ ಆಗ ಕಣ್ಣು ತೆರೆದರು. ಪೊರೆ ಬಂದ ಕಣ್ಣುಗಳು ಸಾಂಬಯ್ಯನನ್ನು ಹುಡುಕಿದವು. ಅವರ ಕೈ ಡಬ್ಬಿಗಾಗಿ ಹಾಸಿಗೆಯ ಮೇಲೆ ತಡಕಾಡಿತು, ಸಾಂಬಯ್ಯ ಅದನ್ನು ಅವರ ಅಂಗೈಯಲ್ಲಿಟ್ಟ. ಅವರು ಅದನ್ನು ಅವನ ಕೈಗೇ ವಾಪಸು ಕೊಟ್ಟರು.

"ಗುರುಗಳು ನನಗ ಮಠದ ಮಾತು ಹೇಳಿದ್ರೋ, ನಾ ತಂದ ಮಣ್ಣಿಗೆ ತಕ್ಕ ಮಾತು ಹೇಳಿದ್ರೋ, ಐವತ್ತು ವರ್ಷ ಅದನ್ನ ಹೇಳಿಕೊಂಡ್ರೂ ನನಗ ಗೊತ್ತಾಗಲಿಲ್ಲ, ಸಾಂಬಯ್ಯ. ಇನ್ನ ನಿನಗೂ ಗೊತ್ತಾಗೂದಿಲ್ಲ."